ಒಂದು ಸುತ್ತಿಗೆ ಎಷ್ಟು ಕೊಡುತ್ತೀರಿ?

ಮಗಳ ಎರಡನೆಯ ಹೆರಿಗೆಗೆಂದು 2023ರ ಮೇ ತಿಂಗಳಲ್ಲಿ ನಾನು ಶಿವಮೊಗ್ಗದಿಂದ ಲಂಡನ್ನಿಗೆ ಹೋಗಿದ್ದೆ. ಬಾಣಂತನಕ್ಕೆ ಹೋದವಳಿಗೆ ಊರು ನೋಡುವ ಯೋಗ ಎಲ್ಲಿಂದ ಬರಬೇಕು? ರಾಣಿಯ ಅರಮನೆಯನ್ನೂ ನೋಡಲಿಲ್ಲ, ದೊಡ್ಡ ಗಡಿಯಾರವನ್ನೂ ನೋಡಲಿಲ್ಲ. ನಾನು ನೋಡಿದ್ದು ಪೂರ್ವ ಲಂಡನ್ನಿನ ಬೋ ಎಂಬ ಬಡಾವಣೆಯನ್ನು ಮಾತ್ರ. ಅದನ್ನೂ ಹೀಗೆ ಮನೆಮನೆಯ ಬಾಗಿಲು ತಟ್ಟುತ್ತಾ ನೋಡುತ್ತೇನೆಂದು ಕನಸಿನಲ್ಲೂ ಎಣಿಸಿರಲಿಲ್ಲ.

ಅದಕ್ಕೆ ಕಾರಣ ನನ್ನ ಮೊಮ್ಮಗಳು. ಒಂಬತ್ತು ವರ್ಷ. ಒಂದು ಸಂಜೆ ಶಾಲೆಯಿಂದ ಬಂದವಳೇ ಚೀಲದಿಂದ ಒಂದು ಹಾಳೆ ತೆಗೆದು ನನ್ನ ಮುಂದೆ ಹಿಡಿದಳು. "ನಾನಿ, ನಾವು ವಿಕ್ಟೋರಿಯಾ ಪಾರ್ಕಿನ ಕೆರೆಯನ್ನು ಹತ್ತು ಸುತ್ತು ನಡೆಯುತ್ತೇವೆ. ಒಂದು ಸುತ್ತಿಗೆ ಎಷ್ಟು ಕೊಡುತ್ತೀರಿ?"

ನನಗೆ ನಗು ಬಂತು. ನಡೆದರೆ ದುಡ್ಡು ಕೊಡುವವರೂ ಇದ್ದಾರೆಯೇ? ಹಾಗಿದ್ದರೆ ಬೀದಿ ನಲ್ಲಿಯಿಂದ ಕೊಡ ಹೊತ್ತು ನಡೆದ ನಾನು ಮತ್ತು ನನ್ನ ಆಪಾ ಇಷ್ಟು ಹೊತ್ತಿಗೆ ಲಕ್ಷಾಧೀಶರಾಗಿರಬೇಕಿತ್ತು!

ಆ ಹಾಳೆಯಲ್ಲಿ ಗೆರೆ ಎಳೆದ ಕಾಲಂಗಳಿದ್ದವು. ಹೆಸರು, ವಿಳಾಸ, ಸುತ್ತಿಗೆ ಎಷ್ಟು, ಒಟ್ಟು ಎಷ್ಟು, ಹಣ ಬಂತೇ ಇಲ್ಲವೇ. ಪಕ್ಕದಲ್ಲೊಂದು ಪುಟ್ಟ ಚೌಕ. ಅಲ್ಲಿ ತೆರಿಗೆ ಕಟ್ಟುವವರು ಪೂರ್ತಿ ಹೆಸರು, ಮನೆ ವಿಳಾಸ ಬರೆದು ಆ ಚೌಕದಲ್ಲಿ ಗುರುತು ಹಾಕಿದರೆ, ಅವರು ಕೊಟ್ಟ ಪ್ರತಿ ಪೌಂಡಿಗೆ ಸರ್ಕಾರ ತನ್ನ ಕಡೆಯಿಂದ 25 ಪೆನ್ಸ್ ಸೇರಿಸಿ ಆ ಸಂಸ್ಥೆಗೆ ಕೊಡುತ್ತದೆ. ಅವರು ಆಗಲೇ ಕಟ್ಟಿದ ತೆರಿಗೆಯೇ ಹೀಗೆ ದಾನಕ್ಕೆ ತಿರುಗುತ್ತದೆ. ಗಿಫ್ಟ್ ಏಯ್ಡ್ ಎಂಬ ಈ ವ್ಯವಸ್ಥೆ ಅಲ್ಲಿ 1990ರಿಂದ ಇದೆ. ನಾನು ಆ ದೇಶದಲ್ಲಿ ತೆರಿಗೆ ಕಟ್ಟುವವಳಲ್ಲವಾದ್ದರಿಂದ ನನ್ನ ಪೌಂಡಿಗೆ ಆ 25 ಪೆನ್ಸ್ ಭಾಗ್ಯವಿಲ್ಲ.

"ಐದು ಪೌಂಡ್ ಕೊಡುತ್ತೇನೆ ಕಣೇ, ಆದರೆ ನನ್ನ ಹೆಸರು ಬರೆಯಬೇಡ" ಎಂದೆ.

"ಯಾಕೆ?"

ಏನೆಂದು ಹೇಳಲಿ? ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು ಎಂಬ ಹದೀಸನ್ನು ಕೇಳುತ್ತಾ ಬೆಳೆದವರಲ್ಲವೇ ನಾವು? ಸಹೋದರಿಯರೇ, ನಿಮಗೂ ಹಾಗೆಯೇ ಅನಿಸುತ್ತಿರಬಹುದು. ಯಾರು ಎಷ್ಟು ಕೊಟ್ಟರು ಎಂದು ಪಟ್ಟಿ ಬರೆದು, ಮುಂದಿನ ಮನೆಯವರಿಗೆ ತೋರಿಸಿ, "ಅವರು ಹತ್ತು ಕೊಟ್ಟರು, ನೀವು?" ಎಂದು ಕೇಳುವುದು ಸದಕವೋ ಅಥವಾ ಸ್ಪರ್ಧೆಯೋ? ಮಗಳು ಮಗುವಿಗೆ ಹಾಲೂಡಿಸುತ್ತಾ ಕೇಳಿಸಿಕೊಳ್ಳುತ್ತಿದ್ದಳು. "ಅಮ್ಮಿ, ಬಹಿರಂಗವಾಗಿ ಕೊಟ್ಟರೂ ಒಳ್ಳೆಯದೇ, ಗುಟ್ಟಾಗಿ ಬಡವರಿಗೆ ಕೊಟ್ಟರೆ ಇನ್ನೂ ಒಳ್ಳೆಯದು ಎಂದು ಕುರ್‌ಆನಿನ ಅಲ್‌ಬಕರ ಅಧ್ಯಾಯದಲ್ಲೇ ಇದೆಯಲ್ಲ. ಎರಡಕ್ಕೂ ಜಾಗ ಇದೆ" ಎಂದಳು. ಮಕ್ಕಳಿಗೆ ಓದಿಸಿದರೆ ಹೀಗೆ ನಮಗೇ ಪಾಠ ಹೇಳುತ್ತಾರೆ.

ಹಣ ಯಾರಿಗೆ ಎಂದು ನಾನಿನ್ನೂ ಕೇಳಿರಲಿಲ್ಲ. ಹಾಳೆಯ ತಲೆಬರಹವನ್ನು ಮೊಮ್ಮಗಳೇ ಓದಿ ಹೇಳಿದಳು. ಪಕ್ಕದ ಹ್ಯಾಕ್ನಿಯಲ್ಲಿರುವ ಸೇಂಟ್ ಜೋಸೆಫ್ಸ್ ಹಾಸ್ಪಿಸ್. "ಅಂದರೆ ಆಸ್ಪತ್ರೆಯೇ?" ಎಂದೆ. "ಅಲ್ಲ ನಾನಿ. ಇನ್ನು ಗುಣವಾಗುವುದಿಲ್ಲ ಎಂದವರಿಗೆ ನೋವಾಗದ ಹಾಗೆ ನೋಡಿಕೊಳ್ಳುವ ಜಾಗ."

ನಾನು ಸುಮ್ಮನಾದೆ.

ನನ್ನ ಆಪಾ ತೀರಿಕೊಂಡದ್ದು 2006ರಲ್ಲಿ, ಗರ್ಭಕೋಶದ ಕ್ಯಾನ್ಸರಿನಿಂದ. ಬೆಂಗಳೂರಿನ ದೊಡ್ಡ ಆಸ್ಪತ್ರೆಯೊಂದರಲ್ಲಿ "ಇನ್ನು ಮನೆಗೆ ಕರೆದುಕೊಂಡು ಹೋಗಿ" ಎಂದರು. ಆಮೇಲಿನ ಎರಡು ತಿಂಗಳನ್ನು ನಾನು ಇಲ್ಲಿ ಬರೆಯುವುದಿಲ್ಲ. ರಾತ್ರಿ ಅವಳು ಸೆರಗನ್ನು ಬಾಯಿಗೆ ತುರುಕಿಕೊಳ್ಳುತ್ತಿದ್ದಳು, ಪಕ್ಕದ ಕೋಣೆಯ ಮಕ್ಕಳಿಗೆ ಕೇಳಬಾರದೆಂದು. ಇಷ್ಟು ಸಾಕು. ನೋವಿಗೆ ಮಾರ್ಫಿನ್ ಎಂಬ ಔಷಧಿ ಇದೆಯೆಂದು ಡಾಕ್ಟರರೊಬ್ಬರು ಹೇಳಿದ್ದರು, ಊರಲ್ಲೆಲ್ಲ ಹುಡುಕಿದರೂ ಸಿಗಲಿಲ್ಲ. 1985ರ ಮಾದಕ ವಸ್ತು ಕಾಯಿದೆ ಬಂದ ಮೇಲೆ ಅದನ್ನು ಇಟ್ಟುಕೊಳ್ಳಲು ಹಲವು ಪರವಾನಗಿಗಳು ಬೇಕಾಗಿ, ಆಸ್ಪತ್ರೆಗಳೂ ಅಂಗಡಿಗಳೂ ಆ ತಂಟೆಯೇ ಬೇಡವೆಂದು ಬಿಟ್ಟಿದ್ದವಂತೆ. 2014ರಲ್ಲಿ ಕಾಯಿದೆ ತಿದ್ದುಪಡಿಯಾಗಿ ನಿಯಮ ಸಡಿಲವಾಯಿತು. ಆಪಾ ಅಷ್ಟು ಕಾಯಲಿಲ್ಲ.

ಮರುದಿನ ಮೊಮ್ಮಗಳ ಜೊತೆ ಬಾಗಿಲು ತಟ್ಟಲು ನಾನೇ ಹೊರಟೆ. ಮಕ್ಕಳನ್ನು ಒಂಟಿಯಾಗಿ ಕಳುಹಿಸಬಾರದು, ಪರಿಚಯದ ಮನೆಗಳಿಗೆ ಮಾತ್ರ ಹೋಗಬೇಕು ಎಂದು ಶಾಲೆಯವರು ಹೇಳಿದ್ದರು. ಬಾಣಂತಿ ಹೊರಬರುವಂತಿಲ್ಲ, ಅಳಿಯ ಮನೆಗೆ ಬರುವುದೇ ರಾತ್ರಿ. ನಮ್ಮಲ್ಲಿ ರಸೀದಿ ಪುಸ್ತಕ ಹಿಡಿದು ಚಂದಾ ಕೇಳಲು ಬರುವವರು ಗಂಡಸರು. ನನಗೋ, ಪಕ್ಕದ ಮನೆಯಲ್ಲಿ ಸಕ್ಕರೆ ಕೇಳಲೂ ಸಂಕೋಚ. ಆದರೆ ಕೇಳುತ್ತಿರುವುದು ನನಗಲ್ಲವಲ್ಲ ಎಂದುಕೊಂಡಾಗ ನಾಲಿಗೆ ಸ್ವಲ್ಪ ಸಡಿಲವಾಯಿತು.

ಮೊದಲ ಮನೆ ಸಿಲ್ಹೆಟ್ ಮೂಲದ ಬಂಗಾಳಿ ಮುದುಕಿಯದು. ನನ್ನ ದಖನಿ ಉರ್ದು, ಆಕೆಯ ಸಿಲ್ಹೆಟಿ, ನಡುವೆ ಮೊಮ್ಮಗಳ ಇಂಗ್ಲಿಷ್. ಸುತ್ತಿಗೆ ಒಂದು ಪೌಂಡ್ ಎಂದು ಬರೆಸಿ, ಚಹಾ ಕುಡಿಸಿ, "ನಮ್ಮ ಚೌಧರಿ ಸಾಹೇಬರ ಕತೆ ಗೊತ್ತಾ?" ಎಂದು ಕೇಳಿದರು. ಗೊತ್ತಿರಲಿಲ್ಲ. ನಿಮಗೂ ಹೇಳುತ್ತೇನೆ.

2020ರ ಏಪ್ರಿಲ್. ಕೊರೋನಾದಿಂದ ಎಲ್ಲರೂ ಮನೆಯೊಳಗೆ. ಬೆಡ್‌ಫರ್ಡ್‌ಶೈರಿನ ಹಳ್ಳಿಯೊಂದರಲ್ಲಿ ಟಾಮ್ ಮೂರ್ ಎಂಬ 99 ವರ್ಷದ ನಿವೃತ್ತ ಸೈನಿಕರು, ನಡೆಯಲು ಆಸರೆಯ ಚೌಕಟ್ಟು ಹಿಡಿದು, ತಮ್ಮ 25 ಮೀಟರ್ ಉದ್ದದ ಅಂಗಳವನ್ನು ನೂರನೆಯ ಹುಟ್ಟುಹಬ್ಬದೊಳಗೆ ನೂರು ಸಲ ನಡೆಯುತ್ತೇನೆ, ಆರೋಗ್ಯ ಸೇವೆಗೆ ಒಂದು ಸಾವಿರ ಪೌಂಡ್ ಕೂಡಿಸುತ್ತೇನೆ ಎಂದರು. ಕೂಡಿದ್ದು 3 ಕೋಟಿ 20 ಲಕ್ಷ ಪೌಂಡಿಗೂ ಹೆಚ್ಚು! ಅದನ್ನು ನೋಡಿ ಬೋ ಬಡಾವಣೆಯ ದಬೀರುಲ್ ಇಸ್ಲಾಮ್ ಚೌಧರಿಯವರು ತಾವೂ ಎದ್ದು ನಿಂತರು. 1920ರಲ್ಲಿ ಸಿಲ್ಹೆಟ್ ಸೀಮೆಯಲ್ಲಿ ಹುಟ್ಟಿ, ಇಂಗ್ಲಿಷ್ ಸಾಹಿತ್ಯ ಓದಲೆಂದು 1957ರಲ್ಲಿ ಇಂಗ್ಲೆಂಡಿಗೆ ಬಂದವರು. ಆಗ ಅವರಿಗೆ ನೂರು ವರ್ಷ. ರಂಝಾನ್ ತಿಂಗಳು. ಲಂಡನ್ನಿನಲ್ಲಿ ಆ ದಿನಗಳಲ್ಲಿ ಸೂರ್ಯ ಮುಳುಗುವುದೇ ರಾತ್ರಿ ಎಂಟರ ಮೇಲೆ, ತಿಂಗಳ ಕೊನೆಗೆ ಹತ್ತಿರ ಹತ್ತಿರ ಒಂಬತ್ತು. ಉಪವಾಸವಿದ್ದೇ ತಮ್ಮ ವಸತಿಯ 80 ಮೀಟರ್ ಸುತ್ತಳತೆಯ ಸಾಮೂಹಿಕ ತೋಟದಲ್ಲಿ ನಡೆಯತೊಡಗಿದರು. ನೂರು ಸುತ್ತು ಎಂದು ಆರಂಭಿಸಿದವರು ನಿಲ್ಲಿಸಲೇ ಇಲ್ಲ. ತಿಂಗಳು ಮುಗಿಯುವಾಗ 970 ಸುತ್ತು. ಲೆಕ್ಕ ಹಾಕಿ ನೋಡಿ, 77 ಕಿಲೋಮೀಟರಿಗೂ ಹೆಚ್ಚು. ಶಿವಮೊಗ್ಗದಿಂದ ನಡೆದಿದ್ದರೆ ಸಾಗರ ದಾಟಿರುತ್ತಿದ್ದರು. ಕೂಡಿದ ಹಣ 4 ಲಕ್ಷ 20 ಸಾವಿರ ಪೌಂಡ್. ಅದರಲ್ಲಿ 1 ಲಕ್ಷ 16 ಸಾವಿರ ಅಲ್ಲಿನ ಆರೋಗ್ಯ ಸೇವೆಗೆ ಹೋಯಿತು, ಉಳಿದದ್ದು ಬೇರೆ ಬೇರೆ ದೇಶಗಳ ಕೊರೋನಾ ಸಂತ್ರಸ್ತರಿಗೆ. ಅದೇ ವರ್ಷ ರಾಣಿಯಿಂದ ಓಬಿಇ ಬಿರುದು ಬಂತು.

"ನಡೆದದ್ದರಿಂದ ಯಾರಿಗೆ ಲಾಭ?" ಎಂದು ನಾನು ಕೇಳಬೇಕೆಂದಿದ್ದ ಪ್ರಶ್ನೆ ಗಂಟಲಲ್ಲೇ ಉಳಿಯಿತು. ನಡೆಯುವ ಕಾಲು ದುಡ್ಡು ಹುಟ್ಟಿಸುವುದಿಲ್ಲ, ನಿಜ. ಆದರೆ ನೂರು ವರ್ಷದವರು ಹಸಿದ ಹೊಟ್ಟೆಯಲ್ಲಿ ನಡೆಯುವುದನ್ನು ನೋಡಿ ಸುಮ್ಮನೆ ಕೂರುವುದು ಕಷ್ಟ, ಅಲ್ಲವೇ?

ಇದರಲ್ಲಿ ಕಹಿಯೂ ಇದೆ, ಮುಚ್ಚಿಡಬಾರದು. ಟಾಮ್ ಮೂರ್ 2021ರ ಫೆಬ್ರವರಿಯಲ್ಲಿ ತೀರಿಕೊಂಡರು. ಅವರ ಹೆಸರಿನಲ್ಲಿ ಮನೆಯವರು ನಡೆಸಿದ ಪ್ರತಿಷ್ಠಾನದಲ್ಲಿ ಮತ್ತೆ ಮತ್ತೆ ದುರ್ನಡತೆ ನಡೆದಿದೆಯೆಂದು ಅಲ್ಲಿನ ಧರ್ಮಾದಾಯ ಆಯೋಗ 2024ರ ನವೆಂಬರಿನಲ್ಲಿ ವರದಿ ಕೊಟ್ಟಿತು. ಮುದುಕರು ನಡೆದು ಕೂಡಿಸಿದ ಆ ಕೋಟಿಗಳು ಬೇರೆ, ಅವು ಆರೋಗ್ಯ ಸೇವೆಯ ನಿಧಿಗೇ ಸೇರಿದ್ದವು. ಆದರೂ ಓದಿದಾಗ ಮನಸ್ಸು ಹುಳಿಯಾಯಿತು. ಇನ್ನೊಬ್ಬರ ಹಣ ಅಮಾನತ್ತು. ಅದಕ್ಕೇ ಆ ಪುಟ್ಟ ಹಾಳೆಯ ಕಾಲಂಗಳ ಮೇಲೆ ನನಗೆ ಆಮೇಲೆ ಗೌರವ ಬಂತು.

ಬೋ ರಸ್ತೆಯ ಮಧ್ಯದಲ್ಲಿ, ಹಳೆಯ ಚರ್ಚಿನ ಮುಂದೆ, ಗ್ಲಾಡ್‌ಸ್ಟನ್ ಎಂಬ ಪ್ರಧಾನಿಯ ಕಂಚಿನ ಪ್ರತಿಮೆಯಿದೆ. ಎರಡೂ ಕೈಗಳಿಗೆ ಕೆಂಪು ಬಣ್ಣ ಬಳಿದಿದ್ದಾರೆ. ಕಿಡಿಗೇಡಿಗಳ ಕೆಲಸವೆಂದುಕೊಂಡೆ. ಮೊಮ್ಮಗಳಿಗೆ ಶಾಲೆಯಲ್ಲಿ ಹೇಳಿಕೊಟ್ಟಿದ್ದರು. ಹತ್ತಿರದಲ್ಲೇ ಬ್ರಯಂಟ್ ಆಂಡ್ ಮೇ ಬೆಂಕಿಕಡ್ಡಿ ಕಾರ್ಖಾನೆ ಇತ್ತು. 1882ರಲ್ಲಿ ಪ್ರತಿಮೆ ನಿಲ್ಲಿಸಿದಾಗ ಮಾಲೀಕರು ಕೆಲಸದ ಹೆಣ್ಣುಮಕ್ಕಳ ಕೂಲಿಯಿಂದ ತಲಾ ಒಂದು ಷಿಲ್ಲಿಂಗ್ ಹಿಡಿದುಕೊಂಡರೆಂದೂ, ಅನಾವರಣದ ದಿನ ಕೆಲವರು ಕೈ ಕೊಯ್ದುಕೊಂಡು ಕಲ್ಲಿನ ಮೇಲೆ ರಕ್ತ ಸುರಿಸಿದರೆಂದೂ 1888ರಲ್ಲಿ ಪತ್ರಿಕೆಯಲ್ಲಿ ಬರೆದವರು ಆ್ಯನಿ ಬೆಸೆಂಟ್. ಹೌದು, ಮುಂದೆ 1917ರಲ್ಲಿ ನಮ್ಮ ಕಾಂಗ್ರೆಸ್ಸಿನ ಅಧ್ಯಕ್ಷೆಯಾದ ಅದೇ ಬೆಸೆಂಟ್. ಆ ವರ್ಷದ ಜುಲೈಯಲ್ಲಿ ಸುಮಾರು 1,400 ಹೆಂಗಸರು, ಹುಡುಗಿಯರು ಕೆಲಸ ಬಿಟ್ಟು ಬೀದಿಗೆ ಬಂದರು. ರಂಜಕದ ವಿಷದಿಂದ ಅವರ ದವಡೆಗಳು ಕೊಳೆಯುತ್ತಿದ್ದವು, ಮೇಲಿಂದ ದಂಡ ಬೇರೆ. ಅವರು ಗೆದ್ದರು. ಕಾರ್ಖಾನೆ ಈಗ ವಸತಿ ಸಮುಚ್ಚಯವಾಗಿದೆ, ಕೆಂಪು ಇಟ್ಟಿಗೆಯ ಗೋಡೆಗಳು ಹಾಗೆಯೇ ಇವೆ. ಕೇಳಿ ಪಡೆದ ಒಂದು ಪೌಂಡಿಗೂ ಕೇಳದೆ ಕಿತ್ತುಕೊಂಡ ಒಂದು ಷಿಲ್ಲಿಂಗಿಗೂ ಎಷ್ಟು ದೂರ ಎಂದು ಆ ಕೆಂಪು ಕೈಗಳ ಕೆಳಗೆ ನಿಂತು ಯೋಚಿಸಿದೆ. ಕೈಯಲ್ಲಿ ಹಾಳೆ ಇತ್ತಲ್ಲ!

ರೋಮನ್ ರಸ್ತೆಯ ಸಂತೆಯಲ್ಲಿ ಅಳಿಯನ ಪರಿಚಯದ ಮೀನಿನ ಅಂಗಡಿಯವನು ಐದು ಪೌಂಡ್ ಬರೆಸಿದ. ಒಬ್ಬ ಹೆಂಗಸು ಮುಖಕ್ಕೇ ಬಾಗಿಲು ಹಾಕಿದಳು. ಮೊಮ್ಮಗಳು ಬೇಸರಿಸಲಿಲ್ಲ, ನಾನೇ ಬೇಸರಿಸಿದೆ.

ನಡಿಗೆ ಜೂನ್ ಮಧ್ಯದ ಒಂದು ಶನಿವಾರ. ವಿಕ್ಟೋರಿಯಾ ಪಾರ್ಕ್ ನೀವು ನೋಡಬೇಕು! ಹೊಗೆ ತುಂಬಿದ ಈ ಬಡ ಪೂರ್ವ ಭಾಗದ ಜನಕ್ಕೆ ಉಸಿರಾಡಲೊಂದು ಜಾಗ ಬೇಕೆಂದು 30 ಸಾವಿರ ಜನ ರಾಣಿಗೆ ಸಹಿ ಮಾಡಿದ ಮನವಿ ಕೊಟ್ಟಿದ್ದರಂತೆ. 1845ರಲ್ಲಿ ತೆರೆಯಿತು. ಒಂದು ಕಡೆ ಕಾಲುವೆ, ಒಳಗೆ ಕೆರೆ, ಕೆರೆಯ ಪಕ್ಕ ಚೀನಾ ಮಾದರಿಯ ಗೋಪುರ, ಬಾತುಕೋಳಿಗಳು. ಹಿಜಾಬಿನ ತಾಯಂದಿರು, ಆಫ್ರಿಕಾದವರು, ಬಿಳಿಯರು, ಎಲ್ಲರ ಮಕ್ಕಳೂ ಬೆನ್ನಿಗೆ ಅಂಕಿ ಅಂಟಿಸಿಕೊಂಡು ನಿಂತಿದ್ದರು. ಪ್ರತಿ ಸುತ್ತಿಗೆ ಶಿಕ್ಷಕಿ ಕೈಮೇಲೆ ಒಂದು ಠಸ್ಸೆ ಒತ್ತುತ್ತಿದ್ದರು. ಮಂಡಿನೋವಿನ ನಾನು ಬುರ್ಖಾದ ಕೆಳಗೆ ಮಗಳ ಬೂಟು ಹಾಕಿಕೊಂಡು ಎರಡು ಸುತ್ತು ನಡೆದೆ. ಶಿಕ್ಷಕಿ ನನ್ನ ಕೈಗೂ ಒತ್ತಿದರು. ಆರನೆಯ ಸುತ್ತಿಗೆ ಮೊಮ್ಮಗಳು ಎಡವಿ ಮೊಣಕಾಲು ತರಚಿಕೊಂಡಳು. ಸಾಕು ಬಾ ಎಂದೆ. "ಹತ್ತು ಎಂದು ಬರೆಸಿಕೊಂಡಿದ್ದೇವೆ ನಾನಿ" ಎಂದು ಕುಂಟುತ್ತಲೇ ಹೋದಳು.

ಮುಂದಿನ ವಾರ ಹ್ಯಾಕ್ನಿಯ ಮೇರ್ ಸ್ಟ್ರೀಟಿಗೆ ಹೋಗಿ ಆ ಹಾಸ್ಪಿಸನ್ನು ಹೊರಗಿನಿಂದ ನೋಡಿ ಬಂದೆ. ಐರ್ಲೆಂಡಿನ ಕ್ರೈಸ್ತ ಸನ್ಯಾಸಿನಿಯರು 1905ರಲ್ಲಿ ತೆರೆದದ್ದು. 1958ರಿಂದ ಕೆಲವು ವರ್ಷ ಇಲ್ಲಿ ಕೆಲಸ ಮಾಡಿದ ಸಿಸಿಲಿ ಸಾಂಡರ್ಸ್ ಎಂಬ ವೈದ್ಯೆ, ರೋಗಿ ನೋವಿನಿಂದ ಕೂಗಿದ ಮೇಲೆ ಮಾರ್ಫಿನ್ ಕೊಡುವುದಲ್ಲ, ನೋವು ಬರುವ ಮೊದಲೇ ಗಡಿಯಾರ ನೋಡಿ ಹೊತ್ತುಹೊತ್ತಿಗೆ ಕೊಡಬೇಕು ಎಂದು ಮಾಡಿ ತೋರಿಸಿದರು. ಅಷ್ಟೇ ಸಂಗತಿ. ಗಡಿಯಾರ ನಮ್ಮ ಮನೆಯಲ್ಲೂ ಇತ್ತು. ಬೆಂಗಳೂರಿನ ಮಾರತ್ತಹಳ್ಳಿ ಬಳಿ ಕರುಣಾಶ್ರಯ ಎಂಬಲ್ಲಿ 1999ರಿಂದಲೇ ಇಂಥ ರೋಗಿಗಳನ್ನು ಒಂದು ಪೈಸೆಯೂ ಪಡೆಯದೆ ನೋಡಿಕೊಳ್ಳುತ್ತಾರೆ. 2006ರಲ್ಲಿ ಅದನ್ನು ನಮಗೆ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಈ ಹೆಸರನ್ನು ಬರೆದಿಟ್ಟುಕೊಳ್ಳಿ. ಯಾರ ಮನೆಗೆ ಯಾವಾಗ ಬೇಕಾಗುತ್ತದೋ, ಅಲ್ಲಾಹನೇ ಬಲ್ಲ.

ನಡಿಗೆಗಿಂತ ಕಷ್ಟದ ಕೆಲಸ ಆಮೇಲಿನದು. ಬರೆಸಿದವರಿಂದ ಹಣ ತರುವುದು! ಒಬ್ಬರು ಊರಲ್ಲಿಲ್ಲ, ಒಬ್ಬರಿಗೆ ನೆನಪೇ ಇಲ್ಲ. ಸಿಲ್ಹೆಟ್ಟಿನ ಮುದುಕಿ ಹತ್ತು ನಾಣ್ಯಗಳನ್ನು ಕರವಸ್ತ್ರದಲ್ಲಿ ಕಟ್ಟಿ ಇಟ್ಟಿದ್ದರು. ಮೀನಿನವನು ಐದರ ಬದಲು ಹತ್ತು ಕೊಟ್ಟ. ಎಲ್ಲ ಕೂಡಿದಾಗ 87 ಪೌಂಡ್, ಜೊತೆಗೆ ಆ 25 ಪೆನ್ಸುಗಳು.

ಹಾಳೆಯನ್ನು ಶಾಲೆಗೆ ಕೊಡುವ ಹಿಂದಿನ ರಾತ್ರಿ ಮೊಮ್ಮಗಳು ಕೊನೆಯ ಕಾಲಮಿನಲ್ಲಿ ಒಂದೊಂದೇ ಗುರುತು ಹಾಕುತ್ತಾ ಬಂದು, ಒಂದು ಸಾಲಿನಲ್ಲಿ ನಿಂತಳು. "ನಾನಿ, ನಿಮ್ಮ ಐದು ಪೌಂಡ್ ಬಂದಿಲ್ಲ." ಕೊಟ್ಟೆ. ಕನ್ನಡಕ ಹಾಕಿಕೊಂಡು ಆ ಸಾಲನ್ನು ನೋಡಿದೆ. ಬೇಡವೆಂದ ಹೆಸರನ್ನು ಅವಳು ಬರೆದಿರಲಿಲ್ಲ. ಗುಂಡಗಿನ ಇಂಗ್ಲಿಷ್ ಅಕ್ಷರಗಳಲ್ಲಿ "ನಾನಿಯ ಆಪಾ" ಎಂದು ಬರೆದಿದ್ದಳು.