ಅಪ್ಪನ ಕನ್ನಡಕದ ಲೆಕ್ಕ (ಭಾಗ 3)

ಹೊಸ ಪ್ರೋಗ್ರೆಸಿವ್ ಕನ್ನಡಕ ಬಂದಮೇಲೆ ಅಪ್ಪ ಮಾರಿಕುಪ್ಪಂ ಟ್ರೈನಲ್ಲಿ ಪೇಪರ್ ಓದೋದನ್ನೇ ಬಿಟ್ಟಿದ್ರು. "ವಯಸ್ಸಾಯ್ತಲ್ಲ" ಅಂದ್ರು. ನಾನೂ ನಂಬಿದೆ.

ಮೊನ್ನೆ ರಾಬರ್ಟ್‌ಸನ್‌ಪೇಟೆಯಲ್ಲಿ ಬೇರೆ ಅಂಗಡಿಗೆ ಕರ್ಕೊಂಡು ಹೋದೆ. ಅಲ್ಲಿದ್ದ ಅಣ್ಣ ಲೆನ್ಸನ್ನ ಬೆಳಕಿಗೆ ಹಿಡಿದು, 34 ಮಿ.ಮೀ. ಅಂತರದಲ್ಲಿ ಕೆತ್ತಿರೋ ಎರಡು ಪುಟ್ಟ ಗುರುತು ಹುಡುಕಿದ್ರು. ದೂರ ನೋಡೋ ಜಾಗ, ಓದೋ ಜಾಗ ಎರಡೂ ಅವುಗಳಿಂದಲೇ ಗೊತ್ತಾಗೋದಂತೆ. ಆಮೇಲೆ ಲೆನ್ಸೋಮೀಟರ್‌ಗೆ ಇಟ್ಟು ಅಳೆದ್ರು.

ಮೇಲೆ +1.00. ಕೆಳಗೆ +2.25.

ಚೀಟಿಯಲ್ಲಿ ಇದ್ದದ್ದು: ದೂರಕ್ಕೆ +1.00, ಆಡ್ +2.25. ಆಡ್ ಅಂದ್ರೆ ದೂರದ ಪವರ್‌ಗೆ ಕೂಡಬೇಕಾದ್ದು. ಕೆಳಗೆ +3.25 ಬರಬೇಕಿತ್ತು. ಕೂಡೋದನ್ನೇ ಮರೆತಿದ್ರು!

ಬಿಕಾಂ ಓದೋ ನಾನು ಆ ಚೀಟೀನ ಒಮ್ಮೆಯೂ ಬಿಡಿಸಿ ನೋಡಿರ್ಲಿಲ್ಲ.

ಮನೇಲಿ ಯಾರಿಗಾದ್ರೂ ಹೊಸ ಕನ್ನಡಕ ಸರಿಹೋಗ್ತಿಲ್ವಾ? ಚೀಟಿ ತಗೊಂಡು ಹೋಗಿ ಅಳೆಸಿ. ವಯಸ್ಸಿನ ಮಾತು ಆಮೇಲೆ.