ನಾಲ್ಕನೇ ಡೆಸ್ಕ್‌ಟಾಪ್ ಖಾಲಿ ಇರಲಿ

ಚಪ್ಪಲಿ ಮೆಟ್ಟಿಲ ಬಳಿಯೇ ಬಿಟ್ಟು ಬನ್ನಿ. ಒಳಗೆ ನೆಲದ ತುಂಬ ಕೇಬಲ್ಲು, ನೋಡಿಕೊಂಡು ಕಾಲಿಡಿ. ಬೆಂಗಳೂರು ಹನುಮಂತನಗರದ ಈ ಮಹಡಿ ಕೋಣೆಯಲ್ಲಿ ಹಗಲು ಹೊತ್ತು ಕೆಲಸ ಸಾಗುವುದಿಲ್ಲ. ಕೆಳಗಿನ ಮನೆಯ ಕುಕ್ಕರ್ ಕೂಗು, ಹಳೇ ಪೇಪರ್ ಕೊಳ್ಳುವವನ ಮೈಕು, ಎದುರಿನ ಸೈಟಿನಲ್ಲಿ ಟೈಲ್ಸ್ ಕೊಯ್ಯುವ ಮಿಷನ್ನು. ರಾತ್ರಿ ಹತ್ತು ದಾಟಿದ ಮೇಲೆ ಬೀದಿ ಬಾಯಿ ಮುಚ್ಚುತ್ತದೆ. ಇಲ್ಲಿ ಕೆಲಸ ಶುರುವಾಗುವುದೇ ಆಗ.

ಹಿಂದಿನ ಕುರ್ಚಿ ನಿಮ್ಮದು. ಮುಂದೆ ಕೂತಿರುವ ಹುಡುಗ ಪ್ರೋಗ್ರಾಮರ್. ಸಂಗೀತ ನಿರ್ದೇಶಕರು ಫೋನಿನಲ್ಲಿ ಗುನುಗಿ ಕಳಿಸಿದ ಒಂದು ಎಳೆಗೆ ಸ್ಟ್ರಿಂಗ್ಸ್, ಪ್ಯಾಡ್, ತಾಳ ಎಲ್ಲ ಜೋಡಿಸಿ ಮೈಕೈ ತುಂಬುವವನು. ಗೋಡೆಗೊರಗಿದ ದಿವಾನದ ಮೇಲೆ ಡೈರೆಕ್ಟರು. ಇವತ್ತು ಮೂರನೇ ರೀಲಿನ ರೀ-ರೆಕಾರ್ಡಿಂಗ್, ಅಂದರೆ ಹಿನ್ನೆಲೆ ಸಂಗೀತ. ಫಿಲ್ಮು ಹೋಗಿ ಹಾರ್ಡ್ ಡಿಸ್ಕ್ ಬಂದು ಎಷ್ಟೋ ಕಾಲವಾಯಿತು, ಆದರೆ ನಮ್ಮವರು ಲೆಕ್ಕ ಹಾಕುವುದು ಇನ್ನೂ ರೀಲಿನಲ್ಲೇ.

ಮೇಜಿನ ಮೇಲೆ ಒಂದೇ ಒಂದು ಮ್ಯಾಕ್‌ಬುಕ್. ಎರಡನೇ ಮಾನಿಟರ್ ಯಾಕಿಲ್ಲ ಅಂದರೆ, ಸ್ಪೀಕರುಗಳ ನಡುವೆ ದೊಡ್ಡ ಪರದೆ ನಿಂತರೆ ಸದ್ದು ಅದಕ್ಕೆ ಬಡಿದು ಕಿವಿಗೆ ವಾಪಸಾಗುತ್ತದೆ ಅನ್ನುವುದು ಹುಡುಗನ ವಾದ. ಅರ್ಧ ನಿಜ. ಉಳಿದರ್ಧ ಬಜೆಟ್ಟು.

ಈಗ ಆ ಪರದೆ ನೋಡಿ. ಸಂಗೀತ ಜೋಡಿಸುವ ಸಾಫ್ಟ್‌ವೇರ್ ಲಾಜಿಕ್ ಪ್ರೋ ತೆರೆದಿದೆ, ಎಪ್ಪತ್ತಕ್ಕೂ ಹೆಚ್ಚು ಟ್ರ್ಯಾಕು. ಅದರ ಮೇಲೆ ಮಿಕ್ಸರ್. ಮಿಕ್ಸರಿನ ಮೇಲೆ ರಿವರ್ಬಿನ ಪ್ಲಗಿನ್, ಅದರ ಮೂಲೆಯನ್ನು ಮುಚ್ಚಿದ ಈಕ್ಯೂ, ಈಕ್ಯೂ ಅಡಿಯಿಂದ ಇಣುಕುವ ಸಿನಿಮಾದ ತುಣುಕು. ಇವೆಲ್ಲದರ ಹಿಂದೆ ಎಲ್ಲೋ ಕ್ಯೂ ಶೀಟು, ಯಾವ ಸಂಗೀತ ಎಲ್ಲಿ ಬರಬೇಕೆಂಬ ಪಟ್ಟಿ. ಹುಡುಗ ಒಂದು ಫೇಡರ್ ಹುಡುಕಲು ಮೂರು ಕಿಟಕಿ ಸರಿಸುತ್ತಾನೆ. ಅಷ್ಟರಲ್ಲಿ ಡೈರೆಕ್ಟರು ಹೇಳಿದ್ದ ಮಾತು ಅರ್ಧ ಮರೆತಿರುತ್ತದೆ.

“ಸಾರ್, ಒಂದ್ ನಿಮಿಷ. ಮನೆ ಗುಡಿಸಿಬಿಡ್ತೀನಿ,” ಅನ್ನುತ್ತಾನೆ.

ಟ್ರ್ಯಾಕ್‌ಪ್ಯಾಡಿನ ಮೇಲೆ ಮೂರು ಬೆರಳು ಮೇಲಕ್ಕೆ ಸವರುತ್ತಾನೆ. ಎಲ್ಲ ಕಿಟಕಿಗಳೂ ಕುಗ್ಗಿ ಹರಡಿಕೊಳ್ಳುತ್ತವೆ. ಮೇಲ್ತುದಿಯ ಬಲಮೂಲೆಯಲ್ಲಿ ಸಣ್ಣದೊಂದು ಪ್ಲಸ್ ಗುರುತು. ಒತ್ತಿದಷ್ಟು ಸಲ ಹೊಸ ಡೆಸ್ಕ್‌ಟಾಪ್. ಮ್ಯಾಕ್ ಹದಿನಾರರವರೆಗೂ ಕೊಡುತ್ತದೆ. ಇವನು ನಾಲ್ಕಕ್ಕೆ ನಿಲ್ಲಿಸುತ್ತಾನೆ. ನನ್ನ ಕೇಳಿದರೆ ಅದೂ ಒಂದು ಹೆಚ್ಚೇ; ಆರು ಏಳು ಮಾಡಿಕೊಂಡವರು ಕಿಟಕಿ ಹುಡುಕುವ ಬದಲು ಡೆಸ್ಕ್‌ಟಾಪ್ ಹುಡುಕುತ್ತ ಕೂರುತ್ತಾರೆ.

ಮೊದಲನೆಯದರಲ್ಲಿ ಲಾಜಿಕ್ ಒಂದೇ. ಎರಡನೆಯದಕ್ಕೆ ಕ್ಯೂ ಶೀಟು, ಡೈರೆಕ್ಟರ ಟಿಪ್ಪಣಿ, ಫೈಲ್ ಫೋಲ್ಡರು. ಮೂರನೆಯದಕ್ಕೆ ಬ್ರೌಸರು, ಮೇಲು, ವಾಟ್ಸಾಪು. ನಾಲ್ಕನೆಯದರಲ್ಲಿ ಏನೂ ಇಲ್ಲ. ಅದಕ್ಕೆ ಬೇರೆ ವಾಲ್‌ಪೇಪರ್ ಕೂಡ ಹಾಕಿದ್ದಾನೆ, ಬರೀ ಕಪ್ಪು. ಅದು ಯಾತಕ್ಕೆ ಅಂತ ಡೈರೆಕ್ಟರು ಕೇಳುತ್ತಾರೆ. “ಆಮೇಲೆ ಹೇಳ್ತೀನಿ ಸಾರ್.”

ಮಿಕ್ಸರನ್ನು ಯಾಕೆ ಎರಡನೇ ಡೆಸ್ಕ್‌ಟಾಪಿಗೆ ಕಳಿಸಲಿಲ್ಲ ಅಂತ ನಿಮಗನ್ನಿಸಬಹುದು. ಎಲ್ಲರೂ ಮೊದಲು ಮಾಡುವುದು ಅದನ್ನೇ, ಎಲ್ಲರೂ ಸೋಲುವುದೂ ಅಲ್ಲೇ. ಒಂದೇ ಸಾಫ್ಟ್‌ವೇರಿನ ಕಿಟಕಿಗಳನ್ನು ಬೇರೆ ಬೇರೆ ಕಡೆ ಹಂಚಿಟ್ಟರೆ, ತೇಲುವ ಪ್ಲಗಿನ್ ಕಿಟಕಿಗಳು ಹೇಳಿದ ಮಾತು ಕೇಳುವುದಿಲ್ಲ. ಅದೂ ಅಲ್ಲದೆ ಡಾಕ್‌ನಲ್ಲಿ ಲಾಜಿಕ್ ಐಕಾನ್ ಒತ್ತಿದರೆ ಅದರ ಕಿಟಕಿ ಎಲ್ಲಿದೆಯೋ ಆ ಡೆಸ್ಕ್‌ಟಾಪಿಗೆ ಮ್ಯಾಕ್ ನಿಮ್ಮನ್ನೇ ಎಳೆದೊಯ್ಯುತ್ತದೆ. ಹಾಗಾಗಿ ಹುಡುಗನ ಲೆಕ್ಕ ನೇರ: ಲಾಜಿಕ್‌ನ ಸ್ವಂತ ಕಿಟಕಿಗಳನ್ನು ಲಾಜಿಕ್ಕೇ ನೋಡಿಕೊಳ್ಳಲಿ, ಹೊರಗಿನವರಿಗೆ ಮಾತ್ರ ಬೇರೆ ಡೆಸ್ಕ್‌ಟಾಪು.

ಲಾಜಿಕ್‌ಗೆ ಆ ವ್ಯವಸ್ಥೆ ಹುಟ್ಟಿನಿಂದ ಬಂದದ್ದು. ಸ್ಕ್ರೀನ್‌ಸೆಟ್ ಅನ್ನುತ್ತಾರೆ. ಆಪಲ್ 2002ರಲ್ಲಿ ಲಾಜಿಕ್ ರೂಪಿಸಿದ್ದ ಜರ್ಮನಿಯ ಎಮ್ಯಾಜಿಕ್ ಕಂಪನಿಯನ್ನು ಕೊಂಡುಕೊಂಡಿತಲ್ಲ, ಅದಕ್ಕೂ ಮುಂಚಿನಿಂದ ಇದೆ. ಕಿಟಕಿಗಳ ಒಂದೊಂದು ಜೋಡಣೆಗೂ ಒಂದೊಂದು ನಂಬರು, ಒತ್ತಿ ನೋಡಿ. 1: ಟ್ರ್ಯಾಕುಗಳು ಮಾತ್ರ. 2: ಪರದೆ ತುಂಬ ಮಿಕ್ಸರ್. 3: ಸಿನಿಮಾ ಮಾತ್ರ, ದೊಡ್ಡದಾಗಿ. ಪ್ಲಗಿನ್ನುಗಳು ಅಡ್ಡ ಬಂದರೆ ವಿ ಒತ್ತಿದರೆ ಸಾಕು, ಅಷ್ಟೂ ಮಾಯ. ಮತ್ತೊಮ್ಮೆ ಒತ್ತಿದರೆ ಹಾಜರ್. ಯಕ್ಷಗಾನದಲ್ಲಿ ವೇಷಗಳೆಲ್ಲ ಚೌಕಿಯಲ್ಲಿ ಬಣ್ಣ ಹಚ್ಚಿಕೊಂಡು ಕೂತಿರುವಂತೆ, ಪ್ರವೇಶ ಬರುವವರೆಗೆ ಯಾರೂ ರಂಗದ ಮೇಲಿಲ್ಲ.

ಕೆಲಸ ಸಾಗುತ್ತದೆ. ದೃಶ್ಯ ಇದು: ಹಳ್ಳಿಯ ಬಸ್ ಸ್ಟ್ಯಾಂಡು, ಸಂಜೆ, ತಾಯಿ ಮಗನಿಗಾಗಿ ಕಾಯುತ್ತಿದ್ದಾಳೆ. ಬಸ್ಸು ಬಂದು ನಿಲ್ಲುತ್ತದೆ, ಬಾಗಿಲು ತೆರೆಯುತ್ತದೆ, ಅಲ್ಲಿ ಕೊಳಲು. ಟ್ರ್ಯಾಕ್ ಪರದೆಯಲ್ಲಿ ನೋಡುವಾಗ ಎಲ್ಲ ಸರಿ. ಹಸಿರು ಪಟ್ಟಿ ಎಡಕ್ಕೆ ಸರಿಯುತ್ತ ಬರುತ್ತದೆ, ಗೆರೆಗೆ ತಾಗುತ್ತದೆ, ಕೊಳಲು ಕೇಳುತ್ತದೆ. ನೀವೂ ತಲೆ ಆಡಿಸುತ್ತೀರಿ, ಡೈರೆಕ್ಟರೂ ಆಡಿಸುತ್ತಾರೆ. ಪಟ್ಟಿ ಬರುವುದು ಕಂಡಿತ್ತಲ್ಲ, ಮನಸ್ಸು ಮೊದಲೇ ಸಿದ್ಧವಾಗಿತ್ತು.

ಹುಡುಗ 3 ಒತ್ತುತ್ತಾನೆ. ಈಗ ಬಸ್ಸೊಂದೇ. ಬಾಗಿಲು ತೆರೆಯುವ ಮುಂಚೆಯೇ ಕೊಳಲು ಗುಟ್ಟು ಬಿಟ್ಟುಕೊಡುತ್ತದೆ.

“ಬೇಗ ಆಯ್ತು ಕಣೋ,” ಡೈರೆಕ್ಟರು ದಿವಾನದ ಅಂಚಿಗೆ ಬರುತ್ತಾರೆ. “ಅವಳು ಅವನ್ನ ನೋಡ್ಲಿ. ಆಮೇಲೆ ಬರ್ಲಿ.”

ಹನ್ನೆರಡು ಫ್ರೇಮು ತಡ ಮಾಡಿದರು. ಸಿನಿಮಾ ಸೆಕೆಂಡಿಗೆ 24 ಫ್ರೇಮು, ಸದ್ದು ಸೆಕೆಂಡಿಗೆ 48,000 ಸ್ಯಾಂಪಲ್ಲು. ಅಂದರೆ ಒಂದು ಫ್ರೇಮಿಗೆ ಸರಿಯಾಗಿ 2,000. ಹನ್ನೆರಡಕ್ಕೆ ಅರ್ಧ ಸೆಕೆಂಡು. ಆ ಅರ್ಧ ಸೆಕೆಂಡಿನಲ್ಲಿ ತಾಯಿಯ ಮುಖ ಬದಲಾಗುವುದು ಕಾಣುತ್ತದೆ, ಕೊಳಲು ಆ ಮುಖದ ಬೆನ್ನಿಗೆ ಬರುತ್ತದೆ. ಯಾರೂ ಮಾತಾಡುವುದಿಲ್ಲ. ಮತ್ತೊಮ್ಮೆ ಹಾಕು ಅಂತ ಕೈಸನ್ನೆ.

ಇನ್ನು ಕಪ್ಪು ಡೆಸ್ಕ್‌ಟಾಪಿನ ಸರದಿ. ದೃಶ್ಯದ ನಡುವೆ ತಾಯಿಗೊಂದು ಮಾತಿದೆ, ಅದರ ಕೆಳಗೆ ಸ್ಟ್ರಿಂಗ್ಸ್. ಹುಡುಗ ಪ್ಲೇ ಒತ್ತಿ, ಕಂಟ್ರೋಲ್ ಹಿಡಿದು ಬಲಬಾಣವನ್ನು ಮೂರು ಸಲ ತಟ್ಟುತ್ತಾನೆ. ಪರದೆ ಕಪ್ಪಾಗುತ್ತದೆ.

“ಏನ್ ಮಾರಾಯ, ಆಫ್ ಆಯ್ತಾ?”

“ಇಲ್ಲ ಸಾರ್, ಓಡ್ತಾ ಇದೆ. ಕೇಳಿ.”

ಓಡುತ್ತಲೇ ಇದೆ. ಡೆಸ್ಕ್‌ಟಾಪ್ ಬದಲಿಸುವುದೆಂದರೆ ಕಣ್ಣ ಮುಂದಿನ ಕಿಟಕಿಗಳನ್ನು ಬದಲಿಸುವುದಷ್ಟೇ. ಲಾಜಿಕ್ ಅದೇ, ಮೆಮೊರಿ ಅದೇ, ಪ್ರೊಸೆಸರ್ ಅದೇ. ಆಡಿಯೋ ಇಂಟರ್‌ಫೇಸಿಗೆ ಯಾವ ಡೆಸ್ಕ್‌ಟಾಪ್ ಮುಂದಿದೆ ಅನ್ನುವ ಸುದ್ದಿಯೇ ತಲುಪುವುದಿಲ್ಲ. ಅದಕ್ಕೆ ಬೇಕಾದ್ದು ಹೊತ್ತಿಗೆ ಸರಿಯಾಗಿ ಸ್ಯಾಂಪಲ್ಲು. ಬಫರ್ 128 ಸ್ಯಾಂಪಲ್ಲಿಗೆ ಇಟ್ಟಿದ್ದರೆ ಪ್ರತಿ 2.7 ಮಿಲಿಸೆಕೆಂಡಿಗೊಂದು ಕಂತು, 1,024 ಇಟ್ಟಿದ್ದರೆ 21 ಮಿಲಿಸೆಕೆಂಡಿಗೊಂದು. ಹಾಗೆಯೇ, ನಾಲ್ಕು ಡೆಸ್ಕ್‌ಟಾಪ್ ಮಾಡಿಕೊಂಡರೆ ಲ್ಯಾಪ್‌ಟಾಪ್ ಹಗುರವಾಗುತ್ತದೆ ಅಂತ ನಂಬಿದವರಿದ್ದಾರೆ. ಆಗುವುದಿಲ್ಲ. ಮೂರನೇ ಡೆಸ್ಕ್‌ಟಾಪಿನಲ್ಲಿ ಬಚ್ಚಿಟ್ಟ ಬ್ರೌಸರ್ ತಿನ್ನುವ ಮೆಮೊರಿ ತಿನ್ನುತ್ತಲೇ ಇರುತ್ತದೆ.

ಕತ್ತಲ ಪರದೆಯಲ್ಲಿ ತಾಯಿಯ ಮಾತು ಹಾದುಹೋಗುತ್ತದೆ. ಡೈರೆಕ್ಟರಿಗೆ ಸ್ಪಷ್ಟವಾಗಿ ಕೇಳಿತು. ಕೇಳದೆ ಏನು, ಬರೆದವರೇ ಅವರು. ಅಷ್ಟರಲ್ಲಿ ಹುಡುಗನ ತಾಯಿ ಬಾದಾಮಿ ಹಾಲಿನ ಲೋಟಗಳನ್ನು ತಂದು ಮೇಜಿನ ಮೇಲೆ ಇಡುತ್ತಾರೆ. ಹುಡುಗ ಆ ಮಾತಿನ ತುಣುಕನ್ನೇ ಹಿಂದೆ ಸರಿಸಿ ಮತ್ತೆ ಹಾಕುತ್ತಾನೆ.

“ಅಮ್ಮ, ಆಕೆ ಏನಂದ್ಲು?”

ಅಮ್ಮ ತಲೆ ಓರೆ ಮಾಡಿ ಕೇಳುತ್ತಾರೆ. “ಬಸ್ಸು ಅಂತೇನೋ ಅಂದ್ಲಪ್ಪ. ಆಮೇಲೆ ಬರೀ ಪಿಟೀಲು.”

ಇಷ್ಟು ಹೊತ್ತು ಸಿನಿಮಾ ನೋಡುತ್ತ ಕೇಳಿದ್ದಾಗ ತುಟಿ ಆಡುವುದು ಕಂಡಿತ್ತು, ಕಣ್ಣು ಕಿವಿಯ ಕೊರತೆ ತುಂಬಿಕೊಟ್ಟಿತ್ತು. ವ್ಯಂಜನಗಳ ಚೂಪು ಬಹುಪಾಲು 2ರಿಂದ 4 ಕಿಲೋಹರ್ಟ್ಸ್ ನಡುವೆ ಇರುತ್ತದೆ. ಪಿಟೀಲಿನ ಮೆರುಗೂ ಅಲ್ಲೇ ಬಂದು ಕೂತಿದೆ. ಹುಡುಗ ಮೊದಲ ಡೆಸ್ಕ್‌ಟಾಪಿಗೆ ಮರಳಿ, ಸ್ಟ್ರಿಂಗ್ಸ್ ಈಕ್ಯೂನಲ್ಲಿ ಆ ಜಾಗವನ್ನು ಮೂರು ಡೆಸಿಬಲ್ ತಗ್ಗಿಸಿ, ಆ ಒಂದು ವಾಕ್ಯದ ಉದ್ದಕ್ಕೆ ವಾಲ್ಯೂಮನ್ನೂ ತುಸು ಇಳಿಸುತ್ತಾನೆ. ಮತ್ತೆ ಕಪ್ಪು. ಈ ಸಲ ಅಮ್ಮ ಇಡೀ ವಾಕ್ಯ ಒಪ್ಪಿಸುತ್ತಾರೆ.

ಆ ಕಪ್ಪು ಡೆಸ್ಕ್‌ಟಾಪಿಗೂ ಒಂದು ತಕರಾರಿದೆ. ಅಲ್ಲಿ ನಿಂತು ಸ್ಪೇಸ್ ಬಾರ್ ಒತ್ತಿ ನೋಡಿ, ಹಾಡು ನಿಲ್ಲುವುದಿಲ್ಲ. ಖಾಲಿ ಡೆಸ್ಕ್‌ಟಾಪಿಗೆ ಬಂದ ಕ್ಷಣ ಮ್ಯಾಕ್ ಯಜಮಾನಿಕೆಯನ್ನು ಫೈಲುಗಳನ್ನು ನೋಡಿಕೊಳ್ಳುವ ಫೈಂಡರಿಗೆ ಕೊಟ್ಟಿರುತ್ತದೆ. ನೀವು ಒತ್ತಿದ್ದು ಲಾಜಿಕ್‌ಗೆ ಮುಟ್ಟುವುದೇ ಇಲ್ಲ. ಅದಕ್ಕೇ ಹುಡುಗ ಮಿಡಿ ಕೀಬೋರ್ಡಿನ ಪ್ಲೇ, ಸ್ಟಾಪ್ ಗುಂಡಿಗಳನ್ನು ಬಳಸುತ್ತಾನೆ. ಆ ಗುಂಡಿಯ ಆಜ್ಞೆ ಲಾಜಿಕ್ ಹಿಂದೆ ಅಡಗಿದ್ದರೂ ತಲುಪುತ್ತದೆ. ಐಪ್ಯಾಡ್ ಇದ್ದವರಿಗೆ ಲಾಜಿಕ್ ರಿಮೋಟ್ ಸಾಕು.

ಹನ್ನೊಂದೂವರೆಗೆ ಇನ್ನೊಂದು ಎಡವಟ್ಟು. ತಂಪೂರದ ಮೇಲೆ ಕೊಳಲು ಏರುತ್ತಿರುವಾಗ ದೊಡ್ಡ ಸ್ಪೀಕರಿನಲ್ಲೇ ಟಣ್ ಅಂತ ಮೆಸೇಜು. ವಾಟ್ಸಾಪನ್ನು ಮೂರನೇ ಡೆಸ್ಕ್‌ಟಾಪಿನಲ್ಲಿ ಕೂಡಿಹಾಕಿದ ಮಾತ್ರಕ್ಕೆ ಅದರ ಬಾಯಿ ಕಟ್ಟಿದಂತಾಗಲಿಲ್ಲ. ಗೋಡೆ ಕಿಟಕಿಗಳಿಗೆ ಮಾತ್ರ, ಸದ್ದಿಗಲ್ಲ. ಡೂ ನಾಟ್ ಡಿಸ್ಟರ್ಬ್ ಹಾಕಬೇಕು. ಸೌಂಡ್ ಸೆಟ್ಟಿಂಗಿನಲ್ಲಿ ಸಿಸ್ಟಮ್ ಸದ್ದುಗಳನ್ನು ಲ್ಯಾಪ್‌ಟಾಪಿನ ಸ್ವಂತ ಸ್ಪೀಕರಿಗೆ ತಿರುಗಿಸಿಡಬೇಕು. ಎರಡನ್ನೂ ಅಲ್ಲೇ ಮಾಡಿ ಮುಗಿಸಿದ.

ಹಾಲು ಕುಡಿಯುವ ಹೊತ್ತಿಗೆ ಒಂದಿಷ್ಟು ಹಳೆಯ ಮಾತು. ಹಲವು ಡೆಸ್ಕ್‌ಟಾಪ್ ಮಾಡಿಕೊಳ್ಳುವ ಈ ಉಪಾಯ ಸಂಗೀತದವರದಲ್ಲ. 1986ರಲ್ಲಿ ಜೆರಾಕ್ಸ್ ಕಂಪನಿಯ ಪಾರ್ಕ್ ಸಂಶೋಧನಾಲಯದಲ್ಲಿ ಸ್ಟುವರ್ಟ್ ಕಾರ್ಡ್ ಮತ್ತು ಆಸ್ಟಿನ್ ಹೆಂಡರ್ಸನ್ ‘ರೂಮ್ಸ್’ ಅನ್ನುವ ವ್ಯವಸ್ಥೆ ರೂಪಿಸಿದರು. ಚಿಕ್ಕ ಪರದೆಯಲ್ಲಿ ಕಿಟಕಿಗಳು ಜಾಗಕ್ಕಾಗಿ ಜಗಳವಾಡುತ್ತವೆ, ಒಂದೊಂದು ಕೆಲಸಕ್ಕೆ ಒಂದೊಂದು ಕೋಣೆ ಕೊಡೋಣ ಅನ್ನುವುದು ಅವರ ಯೋಚನೆ. ಲಿನಕ್ಸ್‌ನವರು ಬಹಳ ಹಿಂದೆಯೇ ರೂಢಿ ಮಾಡಿಕೊಂಡರು. ಮ್ಯಾಕ್‌ಗೆ 2007ರಲ್ಲಿ ಬಂತು, ವಿಂಡೋಸ್‌ನಲ್ಲಿ ಎಲ್ಲರ ಕೈಗೆ ಸಿಕ್ಕಿದ್ದು 2015ರ ವಿಂಡೋಸ್ 10ರಲ್ಲಿ. ಅಲ್ಲಿ ವಿಂಡೋಸ್ ಕೀ, ಕಂಟ್ರೋಲ್, ಡಿ ಒಟ್ಟಿಗೆ ಒತ್ತಿದರೆ ಹೊಸ ಡೆಸ್ಕ್‌ಟಾಪ್. ಡಿ ಬದಲು ಬಾಣದ ಕೀ ಒತ್ತಿದರೆ ಆಚೀಚೆ ಓಡಾಟ.

ಲಾಜಿಕ್ ಬದಲು ಕ್ಯೂಬೇಸ್ ಬಳಸುವವರು ಒಂದು ಗಮನಿಸಿ. ಡೆಸ್ಕ್‌ಟಾಪ್ ಬದಲಿಸಿ ಬೇರೇನೋ ಕ್ಲಿಕ್ ಮಾಡಿದೊಡನೆ ಹಾಡು ಸತ್ತುಹೋದರೆ ಕಂಪ್ಯೂಟರನ್ನು ಬೈಯಬೇಡಿ. ಸ್ಟುಡಿಯೋ ಸೆಟಪ್‌ನಲ್ಲಿ, ಸಾಫ್ಟ್‌ವೇರ್ ಹಿಂದೆ ಸರಿದಾಗ ಆಡಿಯೋ ಡ್ರೈವರ್ ಬಿಟ್ಟುಕೊಡುವ ಒಂದು ಟಿಕ್ ಇದೆ, ತೆಗೆದುಬಿಡಿ. ರೀಪರ್‌ನಲ್ಲೂ ಅಂಥದ್ದಿದೆ.

ಹುಡುಗ ಈಗ ಕೀಬೋರ್ಡ್ ಸೆಟ್ಟಿಂಗಿನಲ್ಲಿ ಏನೋ ಆಫ್ ಮಾಡುತ್ತಿದ್ದಾನೆ. ಕಂಟ್ರೋಲ್ ಜೊತೆ ನಂಬರ್ ಒತ್ತಿ ನೇರ ಡೆಸ್ಕ್‌ಟಾಪಿಗೆ ಜಿಗಿಯುವ ಶಾರ್ಟ್‌ಕಟ್ಟು ಮ್ಯಾಕ್‌ನಲ್ಲಿದೆ; ಅದೇ ಕಂಟ್ರೋಲ್ ಹಿಡಿದು ಎರಡಂಕಿಯ ಸ್ಕ್ರೀನ್‌ಸೆಟ್ ಕರೆಯುವುದು ಲಾಜಿಕ್‌ನ ಪದ್ಧತಿ. ಎರಡೂ ಒಂದೇ ಕೀಗೆ ಕೈ ಹಾಕಿದರೆ ಗೆಲ್ಲುವುದು ಮ್ಯಾಕ್. ಇವನಿಗೆ ಬಾಣದ ಕೀ ಸಾಕು. ಕೂತಲ್ಲೇ ಇನ್ನೊಂದನ್ನೂ ಆಫ್ ಮಾಡುತ್ತಾನೆ: ಇತ್ತೀಚೆಗೆ ಬಳಸಿದ್ದರ ಮೇಲೆ ಡೆಸ್ಕ್‌ಟಾಪುಗಳ ಸಾಲನ್ನು ತಾನೇ ಬದಲಿಸುವ ಆಯ್ಕೆ. ಕೈ ಒಂದು ಸಲ ದಾರಿ ಕಲಿತ ಮೇಲೆ ಕೋಣೆಗಳು ಜಾಗ ಬದಲಿಸಿದರೆ ಯಾವ ಪ್ರಯೋಜನವೂ ಇಲ್ಲ. ಆಪಲ್‌ನವರು ಇದನ್ನು ಮೊದಲಿನಿಂದ ಆನ್ ಮಾಡಿಯೇ ಕೊಡುವುದು ಯಾವ ಬುದ್ಧಿವಂತಿಕೆಯೋ.

ಹನ್ನೆರಡೂಕಾಲು. ರೀಲು ಮೊದಲಿನಿಂದ ಕೊನೆಯವರೆಗೆ ಒಮ್ಮೆ ಓಡುತ್ತದೆ, ಸಿನಿಮಾ ಮಾತ್ರ ಕಾಣುವಂತೆ. ಡೈರೆಕ್ಟರು ಎದ್ದು ಚಪ್ಪಲಿ ಹುಡುಕುತ್ತ, “ನಾಳೆ ನಾಲ್ಕನೇ ರೀಲು, ಹತ್ತಕ್ಕೇ ಬರ್ತೀನಿ,” ಅನ್ನುತ್ತಾರೆ.

ನೀವು ಮನೆಗೆ ಹೋಗಿ ಇದನ್ನೆಲ್ಲ ಮಾಡಿ ನೋಡುವುದಿದ್ದರೆ ಕಪ್ಪು ಡೆಸ್ಕ್‌ಟಾಪಿನಿಂದಲೇ ಶುರು ಮಾಡಿ. ಉಳಿದವನ್ನು ಬೇಕಾದಾಗ ಸೇರಿಸಿಕೊಳ್ಳಬಹುದು. ಎರಡನೇ ಮಾನಿಟರ್ ಇದ್ದರೆ ಇನ್ನೊಂದು ಮಾತು. ಪ್ರತಿ ಪರದೆಗೂ ಬೇರೆ ಬೇರೆ ಡೆಸ್ಕ್‌ಟಾಪ್ ಸಾಲು ಇರಬೇಕೋ, ಎರಡೂ ಒಟ್ಟಿಗೆ ಬದಲಾಗಬೇಕೋ ಅನ್ನುವ ಆಯ್ಕೆ ಮ್ಯಾಕ್‌ನಲ್ಲಿದೆ. ಅದನ್ನು ಬದಲಿಸಿದರೆ ಲಾಗ್ ಔಟ್ ಆಗಿ ಮತ್ತೆ ಬರಬೇಕಾಗುತ್ತದೆ, ಆದ್ದರಿಂದ ಗಾಯಕರು ಮೈಕಿನ ಮುಂದೆ ನಿಂತಿರುವಾಗ ಅದಕ್ಕೆ ಕೈ ಹಾಕಬೇಡಿ.