ಬೆಚ್ಚಗಿದ್ದ ಬೋಲ್ಟು

ಕರೆಂಟು ಹೊರಡುವ ಜಾಗದಿಂದ ದೀಪ ಉರಿಯುವ ಜಾಗದವರೆಗಿನ ದಾರಿಯನ್ನೆಲ್ಲ ಒಬ್ಬನೇ ಮುಟ್ಟಿ ನೋಡಬಹುದಾದ ಮನೆಗಳು ಎಷ್ಟಿದ್ದಾವು? ಊರಿನ ನಮ್ಮ ಮನೆಯಲ್ಲಿ ಕರೆಂಟು ಹೋದರೆ ಮೊದಲು ಬೀದಿಗೆ ಬಂದು ಪಕ್ಕದ ಮನೆಯಲ್ಲಿ ಇದೆಯೇ ಎಂದು ನೋಡುತ್ತಿದ್ದೆವು. ಅಲ್ಲೂ ಇಲ್ಲ ಎಂದಾದರೆ ನಮ್ಮ ಪಾಲಿನ ತನಿಖೆ ಮುಗಿಯಿತು, ಮಿಕ್ಕಿದ್ದು ಲೈನ್‌ಮ್ಯಾನಿನ ಪಾಲು. ಅಮೆರಿಕಕ್ಕೆ ಬಂದು ನೆಲೆಸಿ, ಒಂದು ಹಳೆಯ ಮೋಟರ್‌ಹೋಮ್ ಕೊಂಡ ಮೇಲೆ ಆ ಮಿಕ್ಕಿದ್ದೂ ನನ್ನ ಪಾಲಿಗೆ ಬಂತು. ಬ್ಯಾಟರಿ ನನ್ನದು, ಜನರೇಟರ್ ನನ್ನದು, ನೆಲದಡಿಯ ತಂತಿಗಳೂ ನನ್ನವು. ಏನಾದರೂ ಕೆಟ್ಟಿತೆಂದರೆ ಆ ಕೆಟ್ಟದ್ದು ನನ್ನ ಕೈಗೆಟಕುವ ಎಲ್ಲೋ ಒಂದು ಕಡೆ ಇದ್ದೇ ಇರುತ್ತದೆ. ಮೀಟರ್ ಹಿಡಿದು ಅದರತ್ತ ಹೆಜ್ಜೆಹೆಜ್ಜೆಯಾಗಿ ನಡೆಯುವುದರಲ್ಲಿ ಸಿಗುವ ಸುಖ ನನಗೆ ಬೇರೆ ಯಾವುದರಲ್ಲೂ ಸಿಕ್ಕಿಲ್ಲ.

ಈ ಮನೆಯ ಒಂದೇ ಗೋಡೆಯೊಳಗೆ ಎರಡು ಬಗೆಯ ಕರೆಂಟು ಹರಿಯುತ್ತದೆ. ದೀಪ, ನೀರಿನ ಪಂಪು, ಹೀಟರಿನ ಫ್ಯಾನು 12 ವೋಲ್ಟಿನ ಬ್ಯಾಟರಿಯ ಬಳಗ. ಏಸಿ, ಮೈಕ್ರೋವೇವ್ 120 ವೋಲ್ಟಿನವು; ಕ್ಯಾಂಪ್‌ಗ್ರೌಂಡಿನ ಕಂಬಕ್ಕೆ ಪ್ಲಗ್ ಹಾಕಿದಾಗಲೋ ಜನರೇಟರ್ ಓಡಿದಾಗಲೋ ಎಚ್ಚರವಾಗುವಂಥವು. ನಡುವೆ ಕೂತ ಕನ್ವರ್ಟರ್ 120ನ್ನು ಇಳಿಸಿ ಬ್ಯಾಟರಿಗೆ ಉಣಿಸುತ್ತದೆ. ಎರಡೂ ಬಳಗಗಳ ಗಡಿ ಎಲ್ಲಿದೆ ಎಂದು ತಿಳಿದರೆ ಅರ್ಧ ಪತ್ತೇದಾರಿ ಮುಗಿದಂತೆ. ಗ್ಯಾಸಿನಿಂದ ಓಡುವ ಫ್ರಿಜ್ಜನ್ನೇ ನೋಡಿ. ಬೆಂಕಿಯಿಂದ ತಂಪು ಮಾಡುವ ಈ ಯಂತ್ರವನ್ನು 1922ರಲ್ಲಿ ಕಂಡುಹಿಡಿದವರು ಸ್ವೀಡನ್ನಿನ ಇಬ್ಬರು ವಿದ್ಯಾರ್ಥಿಗಳು, ಬಾಲ್ಟ್ಸಾರ್ ಫೋನ್ ಪ್ಲಾಟೆನ್ ಮತ್ತು ಕಾರ್ಲ್ ಮುಂಟರ್ಸ್. ಅದರಲ್ಲಿ ತಿರುಗುವ ಒಂದು ಭಾಗವೂ ಇಲ್ಲ. ಆದರೆ ಇವತ್ತಿನ ಮೋಟರ್‌ಹೋಮಿನಲ್ಲಿ ಆ ಬೆಂಕಿಯನ್ನು ಹೊತ್ತಿಸಿ ಕಾಯುವ ಸರ್ಕ್ಯೂಟ್ ಬೋರ್ಡು 12 ವೋಲ್ಟ್ ಬೇಡುತ್ತದೆ. ಸಿಲಿಂಡರ್ ತುಂಬಿದ್ದರೂ ಬ್ಯಾಟರಿ ಸೊರಗಿದರೆ ಹಾಲು ಒಡೆಯುತ್ತದೆ.

ತಂತಿಯ ಬಣ್ಣಗಳನ್ನು ಮಾತ್ರ ನಂಬಬಾರದು. ಕಾರಿನಲ್ಲಿ ಕಪ್ಪು ತಂತಿ ಎಂದರೆ ನೆಗೆಟಿವ್. ಇಲ್ಲಿನ 120 ವೋಲ್ಟಿನ ವೈರಿಂಗಿನಲ್ಲಿ ಕಪ್ಪು ಎಂದರೆ ಫೇಸ್. ಎಷ್ಟೋ ಮೋಟರ್‌ಹೋಮುಗಳ 12 ವೋಲ್ಟಿನ ಕಡೆ ಕಪ್ಪೇ ಪಾಸಿಟಿವ್, ಬಿಳಿ ನೆಗೆಟಿವ್. ಮೂರು ಸಂಪ್ರದಾಯಗಳೂ ಒಂದೇ ಗಾಡಿಯಲ್ಲಿ ಸೇರಿರುವುದುಂಟು.

ಕ್ಯಾಂಪ್‌ಗ್ರೌಂಡಿಗೆ ಹೋದಾಗ ಗಾಡಿಯ ಕೇಬಲ್ ಎಳೆಯುವ ಮುಂಚೆ ಕಂಬವನ್ನೇ ಪರೀಕ್ಷಿಸುತ್ತೇನೆ. ಮೂರು ಕಾಲಿನ 30 ಆಂಪಿನ ಪ್ಲಗ್ ಕೊಡುವುದು 3,600 ವಾಟ್. ನಾಲ್ಕು ಕಾಲಿನ 50 ಆಂಪಿನದು ಎರಡು ಫೇಸುಗಳನ್ನು ತರುವುದರಿಂದ 12,000 ವಾಟ್. ಹೆಸರಿನಲ್ಲಿ ಇಪ್ಪತ್ತೇ ಆಂಪು ಹೆಚ್ಚು, ಶಕ್ತಿಯಲ್ಲಿ ಮೂರು ಪಟ್ಟಿಗೂ ಮಿಗಿಲು. ನಾಲ್ಕು ಕಾಲಿನದರಲ್ಲಿ ನ್ಯೂಟ್ರಲ್ ಕಿತ್ತುಹೋಗಿದ್ದರೆ ಎರಡು ಫೇಸುಗಳ ನಡುವಿನ 240 ವೋಲ್ಟು ಅಂಕೆಯಿಲ್ಲದೆ ಹಂಚಿಹೋಗಿ, ಒಂದು ಕಡೆಯ ಸಾಮಾನು ಸುಟ್ಟುಹೋಗುತ್ತದೆ. ಅರ್ಥಿಂಗ್ ಕಡಿದಿದ್ದರೆ ಇನ್ನೂ ಅಪಾಯ: ಗಾಡಿಯ ಮೈಗೇ ಕರೆಂಟು ಬಂದು, ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಬಾಗಿಲ ಹಿಡಿ ಮುಟ್ಟಿದವರಿಗೆ ಷಾಕ್ ಹೊಡೆಯಬಹುದು. ಬೇಸಿಗೆಯ ಮಧ್ಯಾಹ್ನ ಎಲ್ಲ ಗಾಡಿಗಳ ಏಸಿಗಳೂ ಒಟ್ಟಿಗೆ ಓಡಿದಾಗ ಕಂಬದ ವೋಲ್ಟೇಜು 105ರ ಕೆಳಗೆ ಕುಸಿಯುವುದನ್ನು ಕಂಡಿದ್ದೇನೆ. ಲೋ ವೋಲ್ಟೇಜಿಗೆ ಪಂಪ್‌ಸೆಟ್ಟಿನ ಮೋಟಾರು ಸುಟ್ಟುಕೊಂಡ ರೈತರ ನಡುವೆ ಬೆಳೆದವನಿಗೆ ಏಸಿಯನ್ನು ಆಗ ಯಾಕೆ ಆರಿಸಬೇಕೆಂದು ಯಾರೂ ಹೇಳಿಕೊಡಬೇಕಿಲ್ಲ.

ಹೊರಗಿನ ಪ್ಲಗ್ ಪಾಯಿಂಟು ಸತ್ತಿದೆ ಎಂದು ಯಾರಾದರೂ ಕರೆದರೆ ನಾನು ಮೊದಲು ಹೋಗುವುದು ಬಚ್ಚಲಿಗೆ. ಅಲ್ಲಿರುವ ಪುಟ್ಟ ಗುಂಡಿಯ ಜಿಎಫ್‌ಸಿಐ ಪಾಯಿಂಟಿನ ಬೆನ್ನಿಗೇ ಹೊರಗಿನದನ್ನು ಜೋಡಿಸಿರುವುದು ವಾಡಿಕೆ. ಗುಂಡಿ ಒತ್ತಿದರೆ ಜೀವ ಬರುತ್ತದೆ. ಹೋದ ಕರೆಂಟಿಗೂ ಮರಳಿದ ಕರೆಂಟಿಗೂ ಸುಮಾರು 5 ಮಿಲಿಆಂಪಿನ ವ್ಯತ್ಯಾಸ ಕಂಡರೆ ಸಾಕು, ಅದು ಕಡಿಯುತ್ತದೆ. 1961ರಲ್ಲಿ ಇದನ್ನು ರೂಪಿಸಿದವರು ಬರ್ಕ್ಲಿಯ ಪ್ರೊಫೆಸರ್ ಚಾರ್ಲ್ಸ್ ಡಾಲ್ಜಿಯಲ್. ಎಷ್ಟು ಕರೆಂಟಿಗೆ ಮನುಷ್ಯನ ಕೈ ಹಿಡಿದ ತಂತಿಯನ್ನು ಬಿಡಲಾರದೆ ಹೋಗುತ್ತದೆ ಎಂದು ಮೊದಲು ಅಳೆದು, ಆಮೇಲೆ ಕಾವಲು ಕಟ್ಟಿದವರು. ಆ ಗುಂಡಿಯನ್ನು ಒತ್ತುವಾಗೆಲ್ಲ ಅವರ ನೆನಪಾಗುತ್ತದೆ.

ಆದರೆ ನನಗೆ ಎಲ್ಲಕ್ಕಿಂತ ಪ್ರಿಯವಾದ ಸಮಸ್ಯೆಗಳು 12 ವೋಲ್ಟಿನವು, ಅದರಲ್ಲೂ ಬರಿಗಣ್ಣಿಗೆ ಎಲ್ಲವೂ ಸರಿಯಾಗಿ ಕಾಣುವಂಥವು.

ಅರಿಜೋನಾದ ಕ್ವಾರ್ಟ್ಸೈಟ್ ಎಂಬ ಸಣ್ಣ ಊರಿನ ಸುತ್ತಲಿನ ಮರುಭೂಮಿಗೆ ಚಳಿಗಾಲದಲ್ಲಿ ಸಾವಿರಾರು ಮೋಟರ್‌ಹೋಮುಗಳು ಬಂದಿಳಿಯುತ್ತವೆ. ಸರ್ಕಾರಿ ಬಯಲು, ಗಾಡಿಗೆ ಸಿಕ್ಕಿಸಿಕೊಳ್ಳಲು ಕಂಬವಿಲ್ಲ, ನಲ್ಲಿಯಿಲ್ಲ. ಬ್ಯಾಟರಿ, ಸೋಲಾರ್, ಜನರೇಟರ್ ಇಷ್ಟೇ ಆಸರೆ. ಒಂದು ಜನವರಿಯಲ್ಲಿ ನಮ್ಮ ಪಕ್ಕ ಕೆನಡಾದಿಂದ ಬಂದ ಹಿರಿಯ ದಂಪತಿ ಬೀಡುಬಿಟ್ಟಿದ್ದರು. ರಾತ್ರಿ ಹೀಟರ್ ಹೊತ್ತುವುದಿಲ್ಲ. ಫ್ಯಾನು ತಿರುಗುತ್ತದೆ, ಗ್ಯಾಸು ಹತ್ತುವುದಿಲ್ಲ, ಸ್ವಲ್ಪ ಹೊತ್ತಿಗೆ ಸೋತು ನಿಲ್ಲುತ್ತದೆ, ಮತ್ತೆ ಮೊದಲಿನಿಂದ. ಹೀಟರಿನ ಬೋರ್ಡು ಬದಲಿಸಿಯಾಗಿತ್ತು, ಬ್ಯಾಟರಿಯೂ ಹೊಸದು. ಆ ಹೆಂಗಸು ಹೇಳಿದ ಒಂದು ಮಾತು ನನ್ನ ಕಿವಿ ನಿಮಿರಿಸಿತು: ಕ್ಯಾಂಪ್‌ಗ್ರೌಂಡಿನಲ್ಲಿ ಪ್ಲಗ್ ಹಾಕಿದಾಗ ಇದೇ ಹೀಟರ್ ಒಂದು ರಾತ್ರಿಯೂ ಕೈಕೊಟ್ಟಿಲ್ಲ.

ಹೀಟರಿಗೊಂದು ಕಟ್ಟಳೆಯಿದೆ. ಫ್ಯಾನಿನ ಗಾಳಿ ರಭಸವಾಗಿ ಬೀಸಿ ಒಂದು ತೆಳು ತಗಡನ್ನು ತಳ್ಳಬೇಕು. ತಗಡು ಒಂದು ಸ್ವಿಚ್ಚನ್ನು ಒತ್ತಬೇಕು. ಆಮೇಲೆಯೇ ಗ್ಯಾಸಿನ ಬಾಯಿ ತೆರೆಯುವುದು. ಫ್ಯಾನು ತಿರುಗಿದರೆ ಸಾಲದು, ತಕ್ಕ ವೇಗದಲ್ಲಿ ತಿರುಗಬೇಕು. ಹಾಗಾದರೆ ಕೇಳಬೇಕಾದ ಪ್ರಶ್ನೆ ಹೀಟರ್ ಕೆಟ್ಟಿದೆಯೇ ಎಂದಲ್ಲ, ಫ್ಯಾನಿಗೆ ಎಷ್ಟು ವೋಲ್ಟು ತಲುಪುತ್ತಿದೆ ಎಂದು.

ಸುಮ್ಮನಿರುವಾಗ ಬ್ಯಾಟರಿ 12.6 ತೋರಿಸಿತು, ಹೀಟರಿನ ತಂತಿಯಲ್ಲೂ 12.6. ಇಲ್ಲಿಗೇ ಮೀಟರ್ ಮಡಚಿಟ್ಟವರಿಗೆ ಗಾಡಿ ಸರಿಯಾಗಿದೆ ಎನಿಸುತ್ತದೆ. ಕರೆಂಟು ಹರಿಯದಿರುವಾಗ ಎಂಥ ತುಕ್ಕು ಹಿಡಿದ ಜೋಡಣೆಯೂ ಪೂರ್ತಿ ವೋಲ್ಟೇಜು ತೋರಿಸುತ್ತದೆ. ಹೆಗಲಿಗೆ ಮೂಟೆ ಹೊರಿಸಿದಾಗಲೇ ಆಳಿನ ಮಂಡಿನೋವು ಗೊತ್ತಾಗುವುದು. ಫ್ಯಾನು ಓಡಿಸಿ ಮತ್ತೆ ನೋಡಿದೆ. ಬ್ಯಾಟರಿಯಲ್ಲಿ 12.3, ಹೀಟರಿನಲ್ಲಿ 10.7. ನಡುದಾರಿಯಲ್ಲಿ 1.6 ವೋಲ್ಟು ಕಾಣೆ.

ಇನ್ನು ಹುಡುಕಾಟವೆಲ್ಲ ಬರೀ ಕೂಡಿಸು, ಕಳೆ. ಬ್ಯಾಟರಿಯ ಪಾಸಿಟಿವ್‌ನಿಂದ ಹೀಟರಿನ ಪಾಸಿಟಿವ್‌ಗೆ ಮೀಟರ್ ಹಿಡಿದರೆ 0.3, ಉದ್ದ ತಂತಿಗೆ ಅಷ್ಟು ನ್ಯಾಯವೇ. ಹಾಗಾದರೆ ಮಿಕ್ಕ 1.3 ನೆಗೆಟಿವ್ ಕಡೆ ಇರಲೇಬೇಕು. ಮೋಟರ್‌ಹೋಮಿನಲ್ಲಿ ಬ್ಯಾಟರಿಯ ನೆಗೆಟಿವ್ ದಪ್ಪ ಕೇಬಲ್ಲು ಚಾಸಿಗೆ ಬೋಲ್ಟಾಗಿರುತ್ತದೆ. ಅಲ್ಲಿಂದ ಮುಂದೆ ಗಾಡಿಯ ಉಕ್ಕೇ ತಂತಿ. ಟರ್ಮಿನಲ್ಲಿನಿಂದ ಕೇಬಲ್ಲಿನ ತುದಿಯ ಲಗ್ಗಿಗೆ ನೋಡಿದರೆ ಸೊನ್ನೆ. ಲಗ್ಗಿನಿಂದ ಒಂದೇ ಬೆರಳಗಲ ಆಚೆಯ ಚಾಸಿಗೆ ನೋಡಿದರೆ 1.3! ಕಾಣೆಯಾದದ್ದೆಲ್ಲ ಆ ಬೆರಳಗಲದಲ್ಲಿ ಕೂತಿತ್ತು. ಕ್ಲ್ಯಾಂಪ್ ಮೀಟರ್ 8 ಆಂಪ್ ತೋರಿಸುತ್ತಿತ್ತು. 1.3ನ್ನು 8ರಿಂದ ಭಾಗಿಸಿದರೆ 0.16 ಓಮ್. ಓಮ್ ಮೀಟರಿನಲ್ಲಿ ಅಳೆಯಹೊರಟರೆ ಮೀಟರಿನ ತಂತಿಗಳ ತಡೆಯೇ ಹೆಚ್ಚುಕಡಿಮೆ ಅಷ್ಟಿರುತ್ತದೆ, ಏನೂ ತಿಳಿಯದು. ಅಷ್ಟು ಅಲ್ಪ ತಡೆ ಒಂದು ಮನೆಯನ್ನು ರಾತ್ರಿಯಿಡೀ ನಡುಗಿಸಿತ್ತು. ವೋಲ್ಟನ್ನೂ ಆಂಪನ್ನೂ ಗುಣಿಸಿದರೆ ಸುಮಾರು 10 ವಾಟ್. ಅಷ್ಟು ಶಾಖ ಎಲ್ಲಾದರೂ ಇರಲೇಬೇಕಲ್ಲ ಎಂದು ಕೈಯಿಟ್ಟೆ. ಮಂಜುಗಡ್ಡೆಯಂತಿದ್ದ ಚಾಸಿಯಲ್ಲಿ ಆ ಬೋಲ್ಟೊಂದೇ ಬೆಚ್ಚಗಿತ್ತು. ಕಾಗದದ ಲೆಕ್ಕ ಬೆರಳ ತುದಿಗೆ ಬಿಸಿಯಾಗಿ ಸಿಕ್ಕ ಆ ಗಳಿಗೆಗಾಗಿಯೇ ನಾನು ಈ ಕೆಲಸವನ್ನು ಪ್ರೀತಿಸುವುದು.

ಪ್ಲಗ್ ಹಾಕಿದಾಗ ಯಾಕೆ ಸರಿಯಿತ್ತು ಎಂಬುದಕ್ಕೂ ಉತ್ತರ ಸಿಕ್ಕಿತು. ಕನ್ವರ್ಟರಿನ ನೆಗೆಟಿವ್ ನೇರ ಫ್ಯೂಸ್ ಪ್ಯಾನೆಲ್ಲಿಗೆ ಹೋಗುತ್ತಿತ್ತು. ಆಗ ಕರೆಂಟಿಗೆ ಈ ಬೋಲ್ಟಿನ ಹಂಗೇ ಇರಲಿಲ್ಲ. ಬ್ಯಾಟರಿಯ ನೆಗೆಟಿವ್ ಕಳಚಿ, ಬೋಲ್ಟು ಬಿಚ್ಚಿ, ತುಕ್ಕನ್ನೂ ಪೇಂಟನ್ನೂ ಉಕ್ಕು ಹೊಳೆಯುವವರೆಗೆ ಕೆರೆದು, ಹಲ್ಲಿನ ವಾಷರ್ ಹಾಕಿ ಬಿಗಿದು, ಮೇಲೆ ಗ್ರೀಸು ಬಳಿದೆವು. 1.3 ಇದ್ದಲ್ಲಿ 0.04. ಹೀಟರ್ ಮೊದಲ ಯತ್ನಕ್ಕೇ ಹೊತ್ತಿತು. ಖರ್ಚು ಒಂದು ವಾಷರ್.

ಸದ್ಯಕ್ಕೆ ನನ್ನದೇ ಗಾಡಿಯಲ್ಲಿ ಒಂದು ಸೋರಿಕೆಯ ಬೆನ್ನು ಹತ್ತಿದ್ದೇನೆ. ಎಲ್ಲ ಆರಿಸಿ ಬೀಗ ಹಾಕಿದರೂ ಎಂಜಿನ್ ಬ್ಯಾಟರಿಯಿಂದ 0.4 ಆಂಪ್ ಹೊರಗೆ ಹೋಗುತ್ತಿದೆ. ದಿನಕ್ಕೆ ಸುಮಾರು 10 ಆಂಪ್-ಅವರ್, ವಾರ ನಿಲ್ಲಿಸಿದರೆ ಎಂಜಿನ್ ಎಬ್ಬಿಸುವುದು ಕಷ್ಟ. ಫ್ಯೂಸ್ ಕೀಳುತ್ತ ಹೋದರೆ ನಿದ್ದೆಯಲ್ಲಿರುವ ಸರ್ಕ್ಯೂಟುಗಳು ಎದ್ದು ದಾರಿ ತಪ್ಪಿಸುತ್ತವೆ. ಹಾಗಾಗಿ ಒಂದನ್ನೂ ಕೀಳದೆ, ಪ್ರತಿ ಫ್ಯೂಸಿನ ನೆತ್ತಿಯ ಎರಡು ಚುಕ್ಕೆಗಳಿಗೆ ಮೀಟರ್ ತಾಗಿಸಿ ಮಿಲಿವೋಲ್ಟ್ ನೋಡುತ್ತಿದ್ದೇನೆ. ಕರೆಂಟು ಹರಿಯದ ಫ್ಯೂಸು ಸೊನ್ನೆ ತೋರಿಸುತ್ತದೆ. ಎಡಸಾಲಿನ ಕೆಂಪು 10, ನೀಲಿ 15, ಹಳದಿ 20 ಎಲ್ಲವೂ ಸೊನ್ನೆ. ಬಲಸಾಲಿನಲ್ಲಿ ಬಾಗಿಲ ಮೆಟ್ಟಿಲಿನ ಮೋಟಾರಿಗೆ ಹೋಗುವ 25 ಆಂಪಿನ ಫ್ಯೂಸಿನಲ್ಲಿ ಮಾತ್ರ 0.9 ಮಿಲಿವೋಲ್ಟ್. ಮೆಟ್ಟಿಲು ಮಡಚಿಕೊಂಡು ಸುಮ್ಮನಿದೆ, ಮೋಟಾರಿನ ಸದ್ದಿಲ್ಲ. ಅದನ್ನು ಆಳುವ ಪೆಟ್ಟಿಗೆ ಗಾಡಿಯ ಹೊಟ್ಟೆಯಡಿಯಲ್ಲಿ, ರಸ್ತೆಯ ನೀರು ಸಿಡಿಯುವ ಜಾಗದಲ್ಲಿದೆ. ನಾಳೆ ಬೆಳಿಗ್ಗೆ ಚಾಪೆ ಹಾಸಿಕೊಂಡು ಕೆಳಗೆ ನುಸುಳಿ, ಮೊದಲು ಬಾಗಿಲಿನ ಮ್ಯಾಗ್ನೆಟ್ ಸ್ವಿಚ್ಚಿನಿಂದ ಬರುವ ತಂತಿಯನ್ನು ಬಿಚ್ಚಿ ನೋಡಬೇಕು.